ಕಂದೀಲ ಮಾಮಾನ ಹೊಸ್ತಿಲು

ಮೃಗಶಿರಾ ಮಳೆನಕ್ಷತ್ರ ಕೂಡಿದ ಮರುದಿನ ಬೆಳಿಗ್ಗೆ ಮೋಡ ಬಂದು ಊರ ಮೇಲೆ ನಿಂತಿತ್ತು, ಸುರಿದಿರಲಿಲ್ಲ. ಮುನಿಸಿಕೊಂಡ ಬೀಗರು ಒಳಗೆ ಬನ್ನಿ ಎನ್ನುವವರೆಗೂ ಅಂಗಳದಲ್ಲೇ ನಿಂತಿರುತ್ತಾರಲ್ಲ, ಹಾಗೆ. ಗಾಳಿ ಅಲುಗುತ್ತಿರಲಿಲ್ಲ. ಹೈದರಾಬಾದಿನ ಹಿಮಾಯತ್‌ನಗರದ ಅಂಗಡಿಯವರು ಬಾಗಿಲು ತೆಗೆದು ಮುಂದಿನ ನೆಲಕ್ಕೆ ನೀರು ಚಿಮುಕಿಸಿದ್ದರಿಂದ ಮಳೆಯಿಲ್ಲದೆಯೇ ಮಣ್ಣಿನ ವಾಸನೆ ಎದ್ದಿತ್ತು. ಧನಶ್ರೀ ಬಸ್ಸಿಳಿದು, ಸೀರೆ ಅಂಗಡಿಯ ಪಕ್ಕದ ಮೆಟ್ಟಿಲ ಬುಡದಲ್ಲಿ ಗೋಡೆಗೆ ಕೂಡಿಸಿದ್ದ ಗಣಪತಿಯ ಚಿತ್ರ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೇಲಿನ ಆಫೀಸಿಗೆ ಹತ್ತಿ ಹೋದಳು. ಮಳೆ ಬಂದರೆ ಸಾಕು ಎಂದು ಬೇಡಿಕೊಂಡಿದ್ದಳು. ಬೇಡಿಕೊಳ್ಳಬೇಕಾದ್ದು ಬೇರೆಯೇ ಇತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

ಹೈಟೆಕ್ ಸಿಟಿಯ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಅಷ್ಟು ದೂರ ಹೋಗಲಾರದ ಸಣ್ಣ ಕಂಪನಿಗಳು ಹೀಗೆ ಹಳೆಯ ಬೀದಿಗಳ ಮಹಡಿಗಳಲ್ಲಿ ಬಿಡಾರ ಹೂಡಿದ್ದವು. ಧನಶ್ರೀಯ ಕಂಪನಿ ಅಂಥದ್ದೊಂದು. ಪರದೇಶದ ಒಂದು ಪ್ರಕಾಶನದವರು ಇವರಿಗೆ ಕೆಲಸ ಕೊಟ್ಟಿದ್ದರು. ಹಿಂದೊಂದು ಕಾಲದಲ್ಲಿ ಮಕ್ಕಳು ಟಿವಿಗೆ ಪೆಟ್ಟಿಗೆ ಜೋಡಿಸಿ ಆಡುತ್ತಿದ್ದ ಆಟಗಳು, ಪರದೆಯ ಮೇಲೊಬ್ಬ ಪುಟ್ಟ ಮನುಷ್ಯ ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಗೋಡೆ ಏರುತ್ತ, ಬೀಳುತ್ತ ಏಳುತ್ತ ಹೋಗುವ ಆಟಗಳು, ಅವುಗಳಲ್ಲಿ ಹೆಸರಾದ ಕೆಲವನ್ನು ಆರಿಸಿ ಒಂದೇ ಡಿಸ್ಕಿಗೆ ತುಂಬಬೇಕು. ಹೊಸ ಟಿವಿಗಳಿಗೆ ಒಪ್ಪುವಂತೆ ಬಣ್ಣವನ್ನೂ ಸಪ್ಪಳವನ್ನೂ ತಿದ್ದಬೇಕು. ಆಟದ ನಡೆಯನ್ನು ಮಾತ್ರ ಕೂದಲೆಳೆಯಷ್ಟೂ ಬದಲಿಸಬಾರದು. ಹಬ್ಬದ ಮುನ್ನಾದಿನ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವಂಥ ಕೆಲಸ. ದೀಪ ಬೆಳಗಬೇಕು, ಆದರೆ ಅಜ್ಜಿಯ ಕಾಲದ ದೀಪವೇ ಆಗಿರಬೇಕು.

ಧನಶ್ರೀಯ ಪಾಲಿಗೆ ಬಂದದ್ದು ಆಡಿ ನೋಡುವ ಕೆಲಸ. ಬೇರೆಯವರ ಕಣ್ಣಿಗೆ ಬೀಳುವ ಮೊದಲು ತಪ್ಪುಗಳನ್ನು ಹುಡುಕಿ ಹೇಳಬೇಕು. ಗಂಟಲಿಗೆ ಇಳಿಯುವ ಮೊದಲು ಅಕ್ಕಿಯಲ್ಲಿನ ಹರಳು ಆರಿಸುವ ಹಾಗೆ. ಡಿಸ್ಕಿನ ಮೊದಲನೆಯ ಆಟ ಕೈಗೆ ಬಂದಾಗ ಅವಳಿಗೆ ಕುರ್ಚಿಯಲ್ಲಿ ಕೂತಿರಲಾಗಿರಲಿಲ್ಲ. ಕೈಯಲ್ಲಿ ಕಂದೀಲು ಹಿಡಿದು, ಮೂಗಿನವರೆಗೆ ಶಾಲು ಸುತ್ತಿಕೊಂಡು, ಕತ್ತಲೆಯ ಕೋಟೆಯೊಳಗೆ ಎಣ್ಣೆಯ ಗಡಿಗೆ ಕೂಡಿಸುತ್ತ ಹೋಗುವ ಆ ಪುಟ್ಟ ಮುದುಕ! ಅವನಿಗೆ ಅವನ ದೇಶದವರು ಏನು ಹೆಸರಿಟ್ಟಿದ್ದರೋ, ಪಟಾನ್‌ಚೆರು ಕಡೆಯ ಕಾರ್ಖಾನೆ ಕ್ವಾರ್ಟರ್ಸಿನ ಕನ್ನಡದ ಮಕ್ಕಳು ಅವನನ್ನು ಕಂದೀಲ ಮಾಮಾ ಎಂದೇ ಕರೆದಿದ್ದರು. ಆ ಮಕ್ಕಳಲ್ಲಿ ಧನಶ್ರೀ ಎಲ್ಲರಿಗಿಂತ ಸಣ್ಣವಳು.

ಅವಳ ತಂದೆ ವೆಂಕಟೇಶರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದರು. ರಾಯಚೂರು, ಕಲಬುರಗಿ, ವಿಜಾಪುರದ ಕಡೆಯಿಂದ ಬಂದವರೆಲ್ಲ ಒಂದೇ ಸಾಲಿನಲ್ಲಿ ಮನೆ ಹಿಡಿದಿದ್ದರಿಂದ ಆ ಸಾಲಿನಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿನಿಂದಲೇ ಬೆಳಗಾಗುತ್ತಿತ್ತು. ಸಾಲಿನ ಕೊನೆಯ ಮನೆ, ಮಕ್ಕಳೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ಸುಹಾಸಿನಿಯವರದು. ಅವರ ಯಜಮಾನರು ಪ್ರಾಣೇಶರು ಅದೇ ಕಾರ್ಖಾನೆಯ ಉಗ್ರಾಣದಲ್ಲಿದ್ದರು. ಮಸ್ಕತ್ತಿನಲ್ಲಿದ್ದ ಕಾಕುವಿನ ಅಣ್ಣ ಒಮ್ಮೆ ರಜೆಗೆ ಬಂದಾಗ ತಂಗಿಗೆಂದು ಆ ಆಟದ ಪೆಟ್ಟಿಗೆಯನ್ನೂ, ಕಂದೀಲ ಮಾಮಾನ ಕ್ಯಾಸೆಟ್ಟನ್ನೂ ತಂದುಕೊಟ್ಟ. ತಂಗಿಗೆ ಎಂದು ಹೇಳಿಯೇ ಕೊಟ್ಟ. ಆದರೆ ಮರುದಿನದಿಂದ ಅದು ಸಾಲಿನ ಮಕ್ಕಳೆಲ್ಲರದೂ ಆಯಿತು.

ಶಾಲೆ ಬಿಟ್ಟ ಕೂಡಲೆ ಕಾಲು ತೊಳೆದುಕೊಂಡು ಕಾಕುವಿನ ಪಡಸಾಲೆಯಲ್ಲಿ ಸಾಲಾಗಿ ಕೂಡಬೇಕು. ಬಿದ್ದವರು ಆಟ ಆಡಿಸುವ ರಿಮೋಟನ್ನು ಪಕ್ಕದವರಿಗೆ ದಾಟಿಸಬೇಕು. ಸಾಲಿನ ಕೊನೆಯ ಪಾಳಿ ಕಾಕುವಿನದು. ಪೆಟ್ಟಿಗೆ ಅವರದಲ್ಲವೆ, ಹಾಗೆಂದು ಮಕ್ಕಳೇ ನ್ಯಾಯ ಮಾಡಿದ್ದರು. ಆದರೆ ಆ ಪಾಳಿ ಬಂದಾಗಲೆಲ್ಲ, ಎಲ್ಲರಿಗಿಂತ ಬೇಗ ಬಿದ್ದು ಮುಖ ಸಣ್ಣ ಮಾಡಿಕೊಂಡು ಕೂತ ಧನಶ್ರೀ ಕಾಕುವಿನ ಸೆರಗು ಜಗ್ಗುವಳು. ಕಾಕು ಒದ್ದೆ ಕೈ ಒರೆಸಿಕೊಂಡು ರಿಮೋಟನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು, ಪರದೆಯ ಕಡೆಗೊಮ್ಮೆ ನೋಡಿ, ಅವಳ ಮಡಿಲಿಗೆ ಹಾಕುವರು.

"ತಗೋ. ಕೊಟ್ಟಿಲ್ಲ ಮತ್ತ, ಕಡಾ ಐತಿ. ದೊಡ್ಡಾಕಿ ಆದಮ್ಯಾಲೆ ನನ್ನ ಪಾಳಿ ನನಗ ತಿರುಗಿ ಕೊಡು."

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಟಿವಿ ಆರಿಸಿ ಎಲ್ಲರೂ ದೇವರ ಮುಂದೆ ಕೂತು ಒಂದು ಪದ ಹಾಡಿ ಮನೆಗೆ ಹೋಗಬೇಕು. ಅದು ಆ ಮನೆಯ ಕಟ್ಟಳೆ.

ಇರಲಿ, ಆ ಮೋಡದ ಬೆಳಗಿನ ಮಾತಿಗೆ ಬರೋಣ.

ಆಫೀಸಿನಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಕಂಪನಿ ಕಟ್ಟಿದ ಕೇದಾರ, ಅವನೂ ಉತ್ತರ ಕರ್ನಾಟಕದ ಮನೆಯವನೇ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವನು, ಗಣಕದ ಮುಂದೆ ಹಣೆ ಹಿಡಿದು ಕೂತಿದ್ದ. ಪ್ರಕಾಶನದವರು ಡಿಸ್ಕನ್ನು ತಿರುಗಿ ಕಳಿಸಿದ್ದರು. ಮೊದಲನೆಯ ಆಟದಲ್ಲೇ ತೂತಿದೆಯಂತೆ. ಕೋಟೆಯಲ್ಲಿ ಒಂದು ಅಂಕಣ ಮುಗಿದು ಇನ್ನೊಂದಕ್ಕೆ ಹೋಗುವಲ್ಲಿ ಕಲ್ಲಿನ ಬಾಗಿಲು ಬರುತ್ತದೆ. ಅವರ ಕಡೆಯವನೊಬ್ಬ ಆ ಬಾಗಿಲ ಕೆಳಗಿನ ಹಾಸುಗಲ್ಲಿನ ಮೇಲೆ ಮುದುಕನನ್ನು ನಿಲ್ಲಿಸಿ ಕಾಫಿ ಗುಟುಕರಿಸುವಷ್ಟರಲ್ಲಿ ಮುದುಕ ಕಂದೀಲಿನ ಸಮೇತ ನೆಲದೊಳಗೆ ಇಳಿದುಹೋದ. ಆಟ ಅಲ್ಲೇ ಹೆಪ್ಪುಗಟ್ಟಿ ನಿಂತಿತು. ಓಡುತ್ತ ದಾಟಿದರೆ ಏನೂ ಆಗುವುದಿಲ್ಲ. ನಿಂತರೆ ಮಾತ್ರ ಹಾಗೆ. ಯಾವ ಬಾಗಿಲಲ್ಲಿ ನಿಂತರೂ ಹಾಗೆಯೇ.

"ಧನಶ್ರೀ, ಇದನ್ನ ಪಾಸ್ ಮಾಡಿದಾಕಿ ನೀ ಅದೀ," ಎಂದ ಕೇದಾರ. ದನಿ ಏರಿರಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ತಿಂಗಳಾನುಗಟ್ಟಲೆ ಆಡೀದಿ. ಒಂದರೆ ಸಲ ಅಲ್ಲಿ ನಿಂತಿಲ್ಲೇನು?"

ನಿಂತಿದ್ದೆನೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ. ಗೋಡೆಗಳಿಗೆ ತಲೆ ಹೊಡೆದಿದ್ದಳು, ಬಾವಿಗಳಿಗೆ ಬಿದ್ದಿದ್ದಳು, ಹಾರಬಾರದ ಕಡೆಯಲ್ಲೆಲ್ಲ ಹಾರಿದ್ದಳು. ಎಂಥೆಂಥ ಹರಳು ಆರಿಸಿದ್ದಳು! ಬಾಗಿಲ ಬುಡದ ಕಲ್ಲೇ ತಪ್ಪಿತೆ?

ಕೇದಾರ ಹೇಳಿದ್ದು ಇಷ್ಟು: ಪ್ರಕಾಶನದವರು ಇದನ್ನು ಈ ಕಂಪನಿಯವರೇ ಕೆಡಿಸಿದರೆಂದು ತಿಳಿದಿದ್ದಾರೆ. ನಮ್ಮ ಹಳೆಯ ಆಟದಲ್ಲಿ ಹೀಗಿರಲಿಲ್ಲ, ನಾವೂ ಸಣ್ಣವರಿದ್ದಾಗ ಆಡಿದವರೇ ಎನ್ನುತ್ತಾರೆ. ಶುಕ್ರವಾರದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಇಡೀ ಕೆಲಸ ಇನ್ನೊಂದು ಊರಿನ ಕಂಪನಿಗೆ ಹೋಗುತ್ತದೆ. ಅಲ್ಲಿಯವರೆಗೆ ಧನಶ್ರೀ ಈ ಆಟ ಮುಟ್ಟುವುದು ಬೇಡ. ಆಡಿ ನೋಡುವವಳ ಮಾತಿನ ಮೇಲೆ ನಂಬಿಕೆ ಹೋದ ಮೇಲೆ ಅವಳಿಗೆ ಕೊಡಲು ಅವನ ಬಳಿ ಬೇರೆ ಕೆಲಸವಿಲ್ಲ, ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಟದ ಪ್ರೋಗ್ರಾಂ ಬರೆಯುವ ಅರವಿಂದ್ ಮೈಸೂರಿನ ಕಡೆಯ ಹುಡುಗ, ಅವಳ ಪಕ್ಕದ ಮೇಜಿನವನು. ಮಧ್ಯಾಹ್ನ ಅವನು ಧನಶ್ರೀ ಆಡಿದ್ದರ ವಿಡಿಯೋಗಳನ್ನು ಹುಡುಕಿ ಪರದೆಯ ಮೇಲೆ ಹಾಕಿದ. ಆಡುವಾಗೆಲ್ಲ ಹಾಗೆ ಚಿತ್ರ ಹಿಡಿದಿಡುವುದು ರೂಢಿ. ಇಬ್ಬರೂ ನೋಡುತ್ತ ಕೂತರು. ಕಂದೀಲ ಮಾಮಾ ಓಡಿದ, ಹಾರಿದ, ಗಡಿಗೆ ಎತ್ತಿಕೊಂಡ, ಬಾಗಿಲಿಗೆ ಬಂದ, ಟಣ್ಣನೆ ನೆಗೆದು ಒಳಗೆ ಹೋದ. ಮತ್ತೊಂದು ಬಾಗಿಲು. ಮತ್ತೆ ನೆಗೆದ. ಇನ್ನೊಂದು ದಿನದ ವಿಡಿಯೋ ಹಾಕಿದರು. ಅಲ್ಲೂ ಹಾಗೇ. ಒಂದು ಬಾಗಿಲಲ್ಲಿ ಮೇಲಿನಿಂದ ಕಲ್ಲು ಉದುರುತ್ತಿತ್ತು, ನೆಗೆದರೆ ತಲೆಗೆ ಬಡಿಯುತ್ತದೆ, ಬಡಿಸಿಕೊಂಡೇ ನೆಗೆದಿದ್ದ.

"ಅಲ್ರೀ, ಪ್ರತಿ ಬಾಗಿಲಲ್ಲೂ ಯಾಕೆ ಹೀಗೆ ಹಾರ್ತೀರ?" ಎಂದ ಅರವಿಂದ್. "ಹಾವು ಮಲಗಿದೆಯಾ ಅಲ್ಲಿ?"

"ಹೊಸ್ತಿಲಲ್ರೀ ಅದು," ಎಂದಳು ಧನಶ್ರೀ.

ಬೆಂಕಿ ಸುಡುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಬಿತ್ತು. ಅರವಿಂದನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಅಷ್ಟೆ, ಕಣ್ಣಲ್ಲಿ ನೀರಿತ್ತು, ನಗು ಬಂತು. ಮಕ್ಕಳಾಗಿದ್ದಾಗ ಸುಹಾಸಿನಿ ಕಾಕು ಹೇಳಿಕೊಟ್ಟದ್ದು. ಹೊಸ್ತಿಲಲ್ಲಿ ಲಕ್ಷ್ಮಿ ಕೂತಿರುತ್ತಾಳೆ, ಅದರ ಮೇಲೆ ನಿಲ್ಲಬಾರದು, ದಾಟಬೇಕು. ಇದು ಎಲ್ಲ ಮನೆಯಲ್ಲೂ ಹೇಳುವುದೇ. ಆದರೆ ಕಾಕು ಟಿವಿಯೊಳಗಿನ ಮನೆಗೂ ಅದೇ ಕಟ್ಟಳೆ ಹಾಕಿದ್ದರು. ಕೋಟೆಯ ಬಾಗಿಲು ಬಂತೆಂದರೆ ಕೂತ ಮಕ್ಕಳೆಲ್ಲ ಒಟ್ಟಿಗೆ "ದಾಟು, ದಾಟು" ಎಂದು ಕೂಗಬೇಕು. ಕಂದೀಲ ಮಾಮಾ ಹೊಸ್ತಿಲು ತುಳಿದರೆ ಪಾಳಿ ಹೋಯಿತು ಎಂದೇ ಲೆಕ್ಕ. ಅದು ಆಟದ್ದೇ ನಿಯಮ ಎಂದು ಧನಶ್ರೀ ಬಹಳ ವರ್ಷ ನಂಬಿದ್ದಳು. ನಂಬಿಕೆ ಮರೆತುಹೋಗಿತ್ತು, ಹೆಬ್ಬೆರಳು ಮರೆತಿರಲಿಲ್ಲ.

ಅರವಿಂದ್ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದ. ಪ್ರಕಾಶನದವರು ಮೊದಲಿಗೆ ಕಳಿಸಿದ್ದ ಹಳೆಯ ಆಟದ ನಕಲನ್ನು ಅವನು ಬೆಳಿಗ್ಗೆ ಓಡಿಸಿ ನೋಡಿದ್ದ. ಅದರಲ್ಲೂ ಆ ಕಲ್ಲಿನ ಮೇಲೆ ನಿಂತರೆ ಮುದುಕ ಬೀಳುತ್ತಾನೆ. ಆದರೆ ನಕಲು ಇಳಿಸಿಕೊಳ್ಳುವಾಗ ನೀವೇ ಕೆಡಿಸಿದಿರಿ ಎಂದು ಅವರು ಅನ್ನಬಹುದು. ಅವರ ಗೋದಾಮಿನಲ್ಲಿದ್ದ ಹಳೆಯ ಕ್ಯಾಸೆಟ್ಟುಗಳು ಯಾವ ಕಾಲಕ್ಕೋ ಹೋಗಿವೆ. ತೂತು ಹುಟ್ಟಿನಿಂದಲೇ ಬಂದದ್ದೋ ನಡುವೆ ಬಿದ್ದದ್ದೋ ಹೇಳಬೇಕಾದರೆ ಆ ಕಾಲದ್ದೇ ಕ್ಯಾಸೆಟ್ಟು ಬೇಕು, ಅದೂ ಓಡುವ ಸ್ಥಿತಿಯಲ್ಲಿ. ಈ ಊರಲ್ಲಿ ಎಲ್ಲಿಂದ ತರುವುದು?

ಧನಶ್ರೀ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

ಪ್ರಾಣೇಶರು ನಿವೃತ್ತರಾದ ಮೇಲೆ ಕಾಕು ಕಾಚಿಗೂಡದ ಸ್ಟೇಷನ್ನಿಗೆ ಸಮೀಪ ಮನೆ ಮಾಡಿದ್ದರು. ಊರಿನ ಕಡೆಯಿಂದ ಬಂದವರು ರೈಲಿಳಿದು ನೇರ ಅಲ್ಲಿಗೇ ಬರುತ್ತಿದ್ದರಿಂದ ಅವರ ಮನೆಯಲ್ಲಿ ಅನ್ನದ ಪಾತ್ರೆ ಎಂದೂ ತೀರಾ ಖಾಲಿಯಾದದ್ದಿಲ್ಲ. ಧನಶ್ರೀ ಹೋದಾಗ ಭಜನಾ ಮಂಡಳಿಯ ಹೆಂಗಸರು ಪಡಸಾಲೆ ತುಂಬ ಕೂತು ಹೊಸ ಪದವೊಂದರ ಧಾಟಿಯ ಮೇಲೆ ಜಗಳವಾಡುತ್ತಿದ್ದರು. ಕಾಕು ತಾಳ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

"ಯವ್ವಾ, ದಾರಿ ತಪ್ಪಿ ಬಂದೇನು? ನಿಮ್ಮವ್ವ ಶಾಮಲಾ ವಾರಕ್ಕೊಮ್ಮೆ ಫೋನ್ ಮಾಡ್ತಾಳ, ನೀ ಬದುಕಿದ್ದು ಅಕಿ ಬಾಯಿಂದನ ತಿಳೀಬೇಕು ನಮಗ."

ಧನಶ್ರೀ ಕಾಲಿಗೆರಗಿದಳು. ಕಾಕು ಅವಳನ್ನು ಅಡಿಗೆಮನೆಗೆ ಕರೆದೊಯ್ದು, ಅವಲಕ್ಕಿ ಮುಂದಿಟ್ಟು, ಪೂರ್ತಿ ತಿಂದ ಮೇಲೆಯೇ ಏನು ಬಂದೆ ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ಡಿಸ್ಕು, ತಿರುಗಿ ಬಂದದ್ದು, ತನ್ನ ಮೇಲಿನ ನಂಬಿಕೆ ಹೋದದ್ದು. ಹೊಸ್ತಿಲ ಮೇಲೆ ನಿಂತರೆ ಕಂದೀಲ ಮಾಮಾ ನೆಲಕ್ಕಿಳಿಯುತ್ತಾನೆ ಎಂಬಲ್ಲಿಗೆ ಬಂದಾಗ ಕಾಕುವಿನ ಕೈಯ ತಾಳ ತಾನೇ ಒಮ್ಮೆ ಕಿಣಿ ಎಂದಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಹತ್ತಿದರು.

"ಅಲ್ಲೇ ಬೀಳತಾನ ಅಂವ. ಮೊದಲಿಂದನೂ ಅಲ್ಲೇ ಬೀಳತಾನ."

ಆಮೇಲೆ ಅವರು ನಿಧಾನವಾಗಿ ಹೇಳಿದರು. ಅಣ್ಣ ಪೆಟ್ಟಿಗೆ ಕೊಟ್ಟು ಮಸ್ಕತ್ತಿಗೆ ಹೊರಟ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಓರೆ ಮಾಡಿಕೊಂಡು ಅವರು ಆಡಲು ಕೂತಿದ್ದರು. ಮುದುಕ ಅವರ ಮಾತು ಕೇಳಿ ನಡೆಯುತ್ತಿದ್ದುದು ನೋಡಿ ಮೈಯೆಲ್ಲ ನಗುವಾಗಿತ್ತಂತೆ. ಮೊದಲ ಬಾಗಿಲು ಮುಟ್ಟಿದಾಗ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಅವನನ್ನು ಹೊಸ್ತಿಲ ಮೇಲೇ ನಿಲ್ಲಿಸಿ ಎದ್ದು ಹೋದರು. ಬಂದು ನೋಡಿದರೆ ಮುದುಕನಿಲ್ಲ. ಪೆಟ್ಟಿಗೆ ಗುಂಡಿ ಒತ್ತಿದರೂ ಮಾತಾಡದು. ಅಣ್ಣ ಹೊಟ್ಟೆ ಕಟ್ಟಿ ತಂದದ್ದು, ಒಂದೇ ದಿನಕ್ಕೆ ಕೆಡಿಸಿದೆನಲ್ಲ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತರು. ಬಹಳ ಹೊತ್ತಿನ ಮೇಲೆ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದಾಗ ಅದು ಜೀವ ಬಂದು ಕಣ್ಣು ಬಿಟ್ಟಿತು. ಮತ್ತೊಮ್ಮೆ ಆಡಿ, ಬೇಕೆಂದೇ ಅಲ್ಲಿ ನಿಂತು ನೋಡಿದರು. ಮತ್ತೆ ಬಿದ್ದ. ಆಗ ತಿಳಿಯಿತು, ಕೆಡಿಸಿದ್ದು ತಾನಲ್ಲ ಎಂದು.

"ಮರುದಿನ ನೀವೆಲ್ಲ ದಂಡು ಕಟ್ಟಿಕೊಂಡು ಬಂದ್ರಿ. ಅದು ಹಂಗ ನಿಂತುಬಿಟ್ರ ಆರಿಸಿ ಮೊದಲಿಂದ ಆಡಬೇಕು, ಅಲ್ಲಿತನಕ ಕೂಡಿಸಿದ್ದೆಲ್ಲ ಹೋತು. ದಿನಾ ಒಬ್ಬಲ್ಲಾ ಒಬ್ಬರು ಅತಗೋತ ಮನಿಗೆ ಹೋಗೋದು ನನಗ ನೋಡಲಿಕ್ಕೆ ಆಗತಿದ್ದಿಲ್ಲ."

"ಕೆಟ್ಟೈತಿ ಅಂತ ಹೇಳಿದ್ರ ಆಗತಿತ್ತಲ್ರೀ ಕಾಕು."

"ಕೆಟ್ಟೈತಿ ಅಂದ್ರ ಹುಡುಗ್ರು ಅಲ್ಲೇ ಹೋಗಿ ನಿಂದರತಾರ," ಎಂದರು ಕಾಕು. "ಲಕ್ಷ್ಮಿ ಅದಾಳ ಅಂದ್ರ ದಾಟತಾರ."

ಧನಶ್ರೀ ಬರಿದಾದ ಅವಲಕ್ಕಿಯ ತಟ್ಟೆ ತೊಳೆದಿಟ್ಟಳು. ಬಾವಿಗೆ ಬಿದ್ದವರು ಹಗ್ಗ ಇಳಿಬಿಟ್ಟವನನ್ನು ಸಾಯುವವರೆಗೆ ನೆನೆಯುತ್ತಾರೆ. ಬಾವಿಯ ಸುತ್ತ ಕಟ್ಟೆ ಕಟ್ಟಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಬೀಳದೆ ಇದ್ದವರು ತಾವು ಬೀಳಲಿಲ್ಲ ಎಂಬುದನ್ನೇ ಅರಿಯರು. ಆ ಪಡಸಾಲೆಯ ಎಷ್ಟೋ ಸಂಜೆಗಳು ಅತ್ತು ಮುಗಿಯಬೇಕಾದವು ನಗುತ್ತ ಮುಗಿದಿದ್ದವು. ಈಗ ನಿಂತ ಕಂಟಕವೂ ಅಲ್ಲಿಂದಲೇ ಬಂದದ್ದು, ನಿಜ. ಆದರೂ ಅವಳಿಗೆ ಕಾಕುವಿನ ಮೇಲೆ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಪೆಟ್ಟಿಗೆ ಇನ್ನೂ ಇದೆಯೇ ಎಂದು ಕೇಳಲು ಅವಳಿಗೆ ಧೈರ್ಯ ಸಾಲದಾಯಿತು. ಕಾಕುವೇ ಎದ್ದು ದೇವರ ಕೋಣೆಯ ಅಟ್ಟ ತೋರಿಸಿದರು. ಪ್ರಾಣೇಶರು ಜಪದ ನಡುವೆ ಮಾತಾಡಲಾರದೆ, ಹ್ಞೂಂ ಹ್ಞೂಂ ಎಂದು ಕೈಸನ್ನೆಯಲ್ಲೇ ಎಲ್ಲಿ ಕಾಲಿಡಬೇಕೆಂದು ತಿಳಿಸಿದರು. ಬೆಳ್ಳಿ ಅಂಚಿನ ಹಳೆಯ ಪಂಚೆಯಲ್ಲಿ ಸುತ್ತಿ, ಹಬ್ಬದ ದೊಡ್ಡ ದೀಪದ ಸಮೆಗಳ ಪಕ್ಕದಲ್ಲಿ ಇಟ್ಟಿದ್ದರು. ಬಿಚ್ಚಿದರೆ ಕ್ಯಾಸೆಟ್ಟಿನ ಮೇಲೆ ಕಂದೀಲ ಮಾಮಾನ ಮುಖವೇ ಕಾಣದಷ್ಟು ಕುಂಕುಮ. ಪ್ರತಿ ವರ್ಷ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಹೊಲಿಗೆ ಯಂತ್ರ, ಈಳಿಗೆ, ಪ್ರಾಣೇಶರ ಸ್ಕೂಟರಿನ ಕೀಲಿಕೈಗಳ ಸಾಲಿನಲ್ಲಿ ಇದನ್ನೂ ಇಟ್ಟು ಪೂಜೆ ಮಾಡಿ, ಒಂದು ಗಳಿಗೆ ಹಚ್ಚಿ, ಬೆಳಕು ಬಂದದ್ದು ನೋಡಿ, ಆರಿಸಿ ಇಡುತ್ತಿದ್ದರಂತೆ. ದುಡಿದ ವಸ್ತುವನ್ನು ವರ್ಷಕ್ಕೊಮ್ಮೆಯಾದರೂ ಮಾತಾಡಿಸಬೇಕಲ್ಲ.

ಆದರೆ ಪೆಟ್ಟಿಗೆಯನ್ನು ಒಂಟಿಯಾಗಿ ಕಳಿಸಲು ಕಾಕು ಒಪ್ಪಲಿಲ್ಲ. ಮರುದಿನ ತಾವೇ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಜೊತೆಗೊಂದು ಡಬ್ಬಿ ತುಂಬ ಚಕ್ಕುಲಿ. ಆಫೀಸಿನ ಗಾಜಿನ ಬಾಗಿಲಲ್ಲಿ ತಡೆದು ನಿಂತು ಕೆಳಗೆ ನೋಡಿದರು.

"ಹೊಸ್ತಿಲ ಇಲ್ಲಲ್ಲೋ ತಮ್ಮಾ ನಿಮಗ," ಎಂದರು ಕೇದಾರನಿಗೆ. "ಲಕ್ಷ್ಮಿ ಎಲ್ಲಿ ಕೂಡಬೇಕು?"

"ಅದಕ್ಕ ಬರಾಕತ್ತಿಲ್ಲರೀ ಅಕಿ," ಎಂದ ಕೇದಾರ. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಹೊಸ ಟಿವಿಗಳಿಗೆ ಆ ಪೆಟ್ಟಿಗೆಯ ತಂತಿ ಹೊಂದಲಿಲ್ಲ. ಕೆಳಗಿನ ಸೀರೆ ಅಂಗಡಿಯವರು ಕ್ರಿಕೆಟ್ ನೋಡಲು ಇಟ್ಟುಕೊಂಡಿದ್ದ ಹೊಟ್ಟೆ ಉಬ್ಬಿದ ಹಳೆಯ ಟಿವಿಯನ್ನು ಅರವಿಂದನೂ ಕೇದಾರನೂ ಹೊತ್ತು ತಂದರು. ಅದರ ಹಿಂದೆಯೇ ಅಂಗಡಿಯವರೂ ಬಂದರು. ಕ್ಯಾಮೆರಾ ಹೂಡಿ ಎಲ್ಲರೂ ಸುತ್ತ ನಿಂತರು. ಕಾಕು ಕ್ಯಾಸೆಟ್ಟಿನ ಕುಂಕುಮಕ್ಕೆ ಬೆರಳು ಮುಟ್ಟಿಸಿ ಪೆಟ್ಟಿಗೆಗೆ ಇಳಿಸಿದರು. ಪರದೆ ಒಮ್ಮೆ ಮಸುಕಾಗಿ, ಒಮ್ಮೆ ಅಲುಗಿ, ಆ ಹಳೆಯ ಮೂರೆಳೆಯ ರಾಗ ಶುರುವಾಯಿತು. ಡಿಸ್ಕಿನಲ್ಲಿ ಅವರು ತಿದ್ದಿ ತೊಳೆದ ರಾಗ ಇದಕ್ಕಿಂತ ಚೊಕ್ಕವಾಗಿತ್ತು. ಆದರೂ ಇದು ಅವ್ವನ ದನಿಯ ಹಾಗೆ, ಸೀಳಿದ್ದರೂ ಅವ್ವನದೇ.

ಆಡಲು ಅವಳನ್ನೇ ಕೂಡಿಸಿದರು. ಮುದುಕ ಓಡಿದ, ಗಡಿಗೆ ಎತ್ತಿದ, ಬಾಗಿಲಿಗೆ ಬಂದ, ಟಣ್ಣನೆ ನೆಗೆದು ಒಳಗೆ ಹೋದ.

"ಹೋಯ್ತಲ್ರೀ!" ಎಂದ ಅರವಿಂದ್. ಎಲ್ಲರೂ ನಕ್ಕರು. ಮುಂದಿನ ಬಾಗಿಲಲ್ಲೂ ಹಾಗೇ ಆಯಿತು. ಅವಳ ಹಣೆಯಲ್ಲಿ ಬೆವರು ಬಂತು. ಕಾಕು ಹಿಂದಿನಿಂದ ಬಂದು ಅವಳ ನೆತ್ತಿಯ ಮೇಲೆ ಕೈಯಿಟ್ಟರು.

"ನಿಂದರು ಮಗಳ. ಲಕ್ಷ್ಮಿ ಏನೂ ಅನ್ನಂಗಿಲ್ಲ. ನಾ ಹಾಕಿದ ಕಟ್ಟಳಿ, ನಾನ ಬಿಡಸೀನಿ."

ಮೂರನೆಯ ಬಾಗಿಲು ಬಂತು. ಧನಶ್ರೀ ಮನಸ್ಸಿನಲ್ಲೇ ನಮಸ್ಕಾರ ಹೇಳಿ ಹೆಬ್ಬೆರಳನ್ನು ಗುಂಡಿಯಿಂದ ಎತ್ತಿದಳು. ಕಂದೀಲ ಮಾಮಾ ಹೊಸ್ತಿಲ ಮೇಲೆ ನಿಂತ. ಒಂದು ಉಸಿರಿನಷ್ಟು ಹೊತ್ತು ನಿಂತ. ಆಮೇಲೆ ಶಾಲು, ಮೂಗು, ಕೊನೆಗೆ ಕಂದೀಲು, ಕೆರೆಯಲ್ಲಿ ತೇಲಿಬಿಟ್ಟ ದೀಪ ಮುಳುಗುವ ಹಾಗೆ ಕಲ್ಲಿನೊಳಗೆ ಇಳಿದುಹೋದವು. ರಾಗ ಒಂದೇ ಸ್ವರಕ್ಕೆ ಸಿಕ್ಕಿಕೊಂಡಿತು.

ಕ್ಯಾಮೆರಾ ಹಿಡಿದ ಆ ಚಿತ್ರವನ್ನು ಅಂದೇ ಪ್ರಕಾಶನದವರಿಗೆ ಕಳಿಸಿದರು. ಕಳಿಸುವ ಮೊದಲು ಧನಶ್ರೀ ಕೇದಾರನಿಗೆ ತನ್ನ ವಿಡಿಯೋಗಳನ್ನೂ ತೋರಿಸಿ, ತೂತು ಹುಟ್ಟಿನಿಂದ ಬಂದದ್ದಾದರೂ ಅದನ್ನು ಕಾಣದೆ ಹೋದದ್ದು ತನ್ನ ಕಣ್ಣೇ ಎಂದಳು. ಮುಂದೆ ಒಂದೇ ಮನೆಯ ರೂಢಿಯವರು ಒಂದು ಆಟವನ್ನು ನೋಡಿದರೆ ಸಾಲದು, ನಾನು ದಾಟುವ ಕಡೆ ನಿಲ್ಲುವವರೊಬ್ಬರು ಬೇಕು ಎಂದೂ ಹೇಳಿದಳು. ತಾನೂ ಆ ಆಟವನ್ನು ಹಲವು ಸಲ ಆಡಿದ್ದೆ, ತಾನೂ ಎಂದೂ ಅಲ್ಲಿ ನಿಂತಿರಲಿಲ್ಲ, ತನ್ನ ಅಜ್ಜಿ ನಿಲ್ಲಗೊಟ್ಟಿರಲಿಲ್ಲ ಎಂಬುದು ಕೇದಾರನಿಗೆ ಆಗಲೇ ಹೊಳೆದಿತ್ತೋ ಏನೋ. ಚಕ್ಕುಲಿಯ ಡಬ್ಬಿಯನ್ನು ಅವಳ ಕಡೆಗೆ ಸರಿಸಿ, ನಾಳೆಯಿಂದ ಆಟ ನಿನ್ನದೇ ಎಂದ.

ಪ್ರಕಾಶನದವರ ಉತ್ತರ ಶುಕ್ರವಾರ ಬಂತು. ಅವರಲ್ಲೊಬ್ಬ ಹಿರಿಯ ಅಧಿಕಾರಿ ಬರೆದಿದ್ದ. ಈ ಆಟವನ್ನು ಬಾಲ್ಯದಿಂದ ಬಲ್ಲೆನೆಂದು ತಿಳಿದಿದ್ದೆ, ಓಡುತ್ತಲೇ ದಾಟಿದ್ದೆನೆಂದು ಈಗ ಗೊತ್ತಾಯಿತು, ಆ ಅಮ್ಮನಿಗೆ ನನ್ನ ವಂದನೆ ತಿಳಿಸಿ ಎಂದು. ಜೊತೆಗೊಂದು ಪ್ರಶ್ನೆ: ಹಳೆಯದನ್ನು ಹಳೆಯ ಹಾಗೇ ಉಳಿಸಬೇಕೆಂಬುದು ನಮ್ಮ ಮಾತು, ಈ ತೂತನ್ನೂ ಉಳಿಸಬೇಕೆ, ಮುಚ್ಚಬೇಕೆ? ಅರವಿಂದ್ ಉಳಿಸಬೇಕೆಂದ, ಅದೂ ಚರಿತ್ರೆಯೇ ಎಂದು. ಕೇದಾರ ಧನಶ್ರೀಯ ಮುಖ ನೋಡಿದ. ಅವಳು ಕಾಚಿಗೂಡಕ್ಕೆ ಫೋನು ಹಚ್ಚಿ ಕೇಳಿದಳು. ಆ ಕಡೆಯಿಂದ ಬಂದ ಉತ್ತರ ಗಟ್ಟಿಯಾಗಿಯೇ ಇತ್ತು, ಎಲ್ಲರಿಗೂ ಕೇಳಿಸಿತು.

"ಮುಚ್ಚರಿ. ಎಲ್ಲಾ ಹುಡುಗರ ಹಿಂದ ಒಬ್ಬಾಕಿ ಕಾಕು ಇರತಾಳೇನು?"

ಮುಚ್ಚಿದರು. ಆ ಹೊತ್ತಿಗೆ ಮಳೆ ಹಿಡಿದಿತ್ತು. ಸೀರೆ ಅಂಗಡಿಯ ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಕಂದೀಲ ಮಾಮಾನ ರಾಗ ಯಾರಿಗೂ ಕೇಳಿಸದೆ ಆ ದಿನದ ಕೆಲಸ ನಿಂತಿತು.

ಡಿಸ್ಕು ಅಂಗಡಿಗಳಿಗೆ ಬಂದದ್ದು ನವರಾತ್ರಿಯ ಹೊತ್ತಿಗೆ. ಖಂಡೆ ಪೂಜೆಯ ದಿನ ಧನಶ್ರೀ ಒಂದು ಪ್ರತಿಯನ್ನೂ, ಆಫೀಸಿನಿಂದ ಕೇಳಿ ತಂದ ಹೊಸ ಯಂತ್ರವನ್ನೂ ತೆಗೆದುಕೊಂಡು ಕಾಚಿಗೂಡಕ್ಕೆ ಹೋದಳು. ಕಾಕುವಿನ ಚಕ್ಕುಲಿಯ ಡಬ್ಬಿಯೂ ಜೊತೆಗಿತ್ತು. ಕೊಟ್ಟವರ ಡಬ್ಬಿ ಬರಿದಾಗಿ ತಿರುಗಬಾರದೆಂದು ಅವ್ವ ಶಾಮಲಾ ಅದರ ತುಂಬ ಕರಜಿಕಾಯಿ ತುಂಬಿ ಕೊಟ್ಟಿದ್ದರು. ಈಳಿಗೆ, ಹೊಲಿಗೆ ಯಂತ್ರ, ಹಳೆಯ ಪೆಟ್ಟಿಗೆಗಳ ಪಕ್ಕದಲ್ಲಿ ಡಿಸ್ಕಿಗೂ ಜಾಗ ಸಿಕ್ಕಿತು. ಕಾಕು ಅದರ ಮೇಲೆ ಕುಂಕುಮವಿಟ್ಟರು, ಈ ಸಲ ಮುದುಕನ ಮುಖ ಮುಚ್ಚದ ಹಾಗೆ, ಕಂದೀಲಿನ ಮೇಲೆ ಒಂದೇ ಬೊಟ್ಟು. ಪ್ರಾಣೇಶರು ಮಂಗಳಾರತಿ ಎತ್ತಿದರು.

ಪ್ರಸಾದವಾದ ಮೇಲೆ ಭಜನಾ ಮಂಡಳಿಯ ಹೆಂಗಸರು ಆಟ ತೋರಿಸೆಂದು ಹಟ ಹಿಡಿದರು. ಧನಶ್ರೀ ಯಂತ್ರ ಜೋಡಿಸಿದಳು. ಪಡಸಾಲೆಯ ನೆಲದ ಮೇಲೆ ಎಲ್ಲರೂ ಸಾಲಾಗಿ ಕೂತರು. ಕಾಕು ಎಂದಿನಂತೆ ಕೊನೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು. ಕಂದೀಲ ಮಾಮಾ ಹೊಸ ಬಣ್ಣದ ಶಾಲು ಹೊದ್ದು ಕತ್ತಲೆಯ ಕೋಟೆಗೆ ಬಂದ. ಹೆಂಗಸರಲ್ಲೊಬ್ಬರು, ಈ ಮುದುಕನನ್ನು ಈ ಹೊತ್ತಿನಲ್ಲಿ ಮನೆಯವರು ಹೊರಗೆ ಹೇಗೆ ಬಿಟ್ಟರು ಎಂದರು. ಅವನು ಹಾರಿದ, ಇಳಿದ, ಎಣ್ಣೆಯ ಗಡಿಗೆ ಎತ್ತಿಕೊಂಡ. ಕಂದೀಲಿನ ಬೆಳಕು ಟಿವಿಯಿಂದ ಹೊರಬಂದು ಕೂತವರ ಮುಖದ ಮೇಲೆ ಬಿತ್ತು.

ಮೊದಲ ಕಲ್ಲಿನ ಬಾಗಿಲು ಕಂಡಿತು. ಧನಶ್ರೀ ಅವನನ್ನು ಹೊಸ್ತಿಲವರೆಗೆ ನಡೆಸಿಕೊಂಡು ಹೋಗಿ, ಅದರ ಈಚೆಗೆ ನಿಲ್ಲಿಸಿದಳು. ಎದ್ದು, ಕೂತವರ ನಡುವೆ ಜಾಗ ಮಾಡಿಕೊಂಡು ಸಾಲಿನ ಕೊನೆಗೆ ಹೋದಳು. ಕಾಕುವಿನ ಕೈ ಒದ್ದೆಯಾಗಿತ್ತು. ಅದನ್ನು ತನ್ನ ಸೆರಗಿನಿಂದ ಒರೆಸಿ, ರಿಮೋಟನ್ನು ಅವರ ಮಡಿಲಲ್ಲಿ ಇಟ್ಟಳು.